ಹಳ್ಳಕ್ಕೆ ಬಿದ್ದ ಮತ್ತಿಮರವನ್ನು ತೆಗೆಸಬೇಕೋ, ಮೀನಿಗೆ ಬಿಡಬೇಕೋ?

ಹಳ್ಳದಂಚಿನ ತೋಟ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಕೆಳಬದಿಯಲ್ಲಿ ಹರಿದು ಮುಂದೆ ಮಾಲತಿ ಹೊಳೆಯನ್ನು ಸೇರುವ ಹಳ್ಳಕ್ಕೆ ಕಳೆದ ಆಶ್ಲೇಷ ಮಳೆಯಲ್ಲಿ ದೊಡ್ಡದೊಂದು ಮತ್ತಿಮರ ಬುಡಸಮೇತ ಮಗುಚಿ ಬಿತ್ತು. ಬೇರಿನ ಮುದ್ದೆ ನಮ್ಮ ದಡಕ್ಕೆ ಒರಗಿಕೊಂಡಿದೆ. ಕಾಂಡ ಹಳ್ಳಕ್ಕೆ ಓರೆಯಾಗಿ, ತುದಿ ಕೆಳಮುಖವಾಗಿ ಮಲಗಿದೆ. ಮಳೆಗಾಲ ಕಳೆದು, ಕೊನೆಕೊಯ್ಲು ಮುಗಿದು, ಚಾಲಿ ಒಣಗಿಸುವ ಗಡಿಬಿಡಿಯೂ ತೀರುವವರೆಗೆ ಅತ್ತ ತಲೆ ಹಾಕಲಾಗಲಿಲ್ಲ.

ಮೊನ್ನೆ ಇಳಿದು ನೋಡಿದೆ. ಮೊದಲು ಪಾದ ಮುಳುಗುವಷ್ಟು ಮಾತ್ರ ನೀರಿದ್ದ ಜಾಗದಲ್ಲಿ, ಕಾಂಡದ ಕೆಳಗೆ, ನನ್ನ ಸೊಂಟದವರೆಗೆ ಬರುವ ಗುಂಡಿಯಾಗಿದೆ. ಕೊಂಬೆಗಳ ಸಂದಿಯಲ್ಲಿ ದರಗು (ತರಗೆಲೆ) ಸಿಕ್ಕಿಕೊಂಡು ಚಾಪೆಯಂತಾಗಿದೆ. ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಅಲುಗಾಡದೆ ಕುಳಿತಿದ್ದಾಗ, ಬೇರಿನ ಸಂದಿಯಿಂದ ಹಾವುಮೀನೊಂದು ಮೂತಿ ಹೊರಹಾಕಿ ಮತ್ತೆ ಒಳಗೆಳೆದುಕೊಂಡಿತು. ಕಾಂಡದ ನೆರಳಿನಲ್ಲಿ ಬೆರಳುದ್ದದ ಮೀನುಗಳು ಹರಿವಿಗೆ ಎದುರಾಗಿ ನಿಂತಲ್ಲೇ ಈಜುತ್ತಿದ್ದವು. ನಾಲ್ಕು ಮಾರು ಮೇಲಕ್ಕೂ ಕೆಳಕ್ಕೂ ನೋಡಿದರೆ ಬರೀ ಕಲ್ಲು, ತೆಳ್ಳನೆಯ ನೀರು.

ಪಕ್ಕದ ತೋಟದವರು ಮೃಗಶಿರಾ ಮಳೆಗೆ ಮೊದಲು ಮರವನ್ನು ತೆಗೆಸಲೇಬೇಕೆನ್ನುತ್ತಿದ್ದಾರೆ. ಹಳ್ಳ ಕಟ್ಟಿಕೊಂಡರೆ ನೀರು ಅವರ ತೋಟಕ್ಕೆ ನುಗ್ಗುತ್ತದೆಂಬ ಭಯ ಅವರದು, ಅದನ್ನು ನಾನು ಅಲ್ಲಗಳೆಯಲಾರೆ. ಸೌದೆಯ ವ್ಯಾಪಾರಿಯೊಬ್ಬರು ಖರ್ಚೆಲ್ಲ ತಮ್ಮದೇ ಎಂದು ಮುಂದೆ ಬಂದಿದ್ದಾರೆ. ಹೊರದೇಶಗಳಲ್ಲಿ ಮೀನಿಗಾಗಿ ಹೊಳೆಗೆ ಮರವನ್ನು ತಂದು ಹಾಕುತ್ತಾರೆಂದು ಓದಿದ್ದೇನೆ. ನಮ್ಮಂಥ ಮಳೆಯ ಸೀಮೆಯಲ್ಲಿ ಅದು ನಡೆಯುವ ಮಾತೇ? ತಿಳಿದವರು ಹೇಳಬೇಕು.

ಕಾಲುಸಂಕ (ಹೊಸನಗರ)

ನನ್ನ ಉತ್ತರ ಒಂದೇ, ತೆಗೆಸಿಬಿಡಿ. ನಮ್ಮೂರಿನಲ್ಲಿ ಎರಡು ವರ್ಷದ ಹಿಂದೆ ಮೇಲಿನ ಕಾಡಿನಿಂದ ತೇಲಿ ಬಂದ ದಿಮ್ಮಿಯೊಂದು ಅಡಿಕೆ ದಬ್ಬೆಯ ಕಾಲುಸಂಕಕ್ಕೆ ಅಡ್ಡಲಾಗಿ ಸಿಕ್ಕಿಕೊಂಡಿತು. ಅದರ ಹಿಂದೆ ಕಸಕಡ್ಡಿ ಒಟ್ಟಿ, ರಾತ್ರಿ ಬೆಳಗಾಗುವುದರೊಳಗೆ ಸಂಕವೂ ಇಲ್ಲ, ಸಂಕ ಕಟ್ಟಿದ್ದ ದಡವೂ ಇಲ್ಲ. ಆ ಮಳೆಗಾಲವಿಡೀ ಮಕ್ಕಳು ಶಾಲೆಗೆ ಗುಡ್ಡ ಸುತ್ತಿ ಹೋದರು. ಗಟ್ಟಿ ಸೇತುವೆಗಾಗಿ ಕೊಟ್ಟ ಅರ್ಜಿಗಳ ಕಥೆ ಇಲ್ಲಿ ಬೇಡ.

ಮೀನಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಹೊರದೇಶದ ಪುಸ್ತಕದ ಮಾತನ್ನು ಆ ನೀರಿನ ಮುಂದೆ ಓದಿ ಹೇಳಿದರೆ ಅದು ಕೇಳುವುದಿಲ್ಲ.

ಮೀನು ಮೇಷ್ಟ್ರು (ಶಿವಮೊಗ್ಗ)

ಇಬ್ಬರ ಮಾತಿನಲ್ಲೂ ಹುರುಳಿದೆ. ಮೊದಲು ಆ ಗುಂಡಿ ಹೇಗಾಯಿತೆಂಬುದನ್ನು ನೋಡೋಣ. ಹರಿಯುವ ನೀರಿಗೆ ಅಡ್ಡವಾಗಿ ಗಟ್ಟಿ ವಸ್ತುವೊಂದು ಬಂದಾಗ ನೀರು ಅದರ ಮೇಲಿಂದ ಧುಮುಕುತ್ತದೆ ಇಲ್ಲವೇ ಅಡಿಯಿಂದ ನುಸುಳುತ್ತದೆ. ಎರಡರಲ್ಲಿಯೂ ಅಲ್ಲಿ ವೇಗ ಹೆಚ್ಚಿ ತಳದ ಜಲ್ಲಿ ಕೊಚ್ಚಿ ಗುಂಡಿಯಾಗುತ್ತದೆ. ಹಾಗೆ ಎದ್ದ ಜಲ್ಲಿ ಸ್ವಲ್ಪ ಕೆಳಗೆ, ನೀರು ಹರಡಿಕೊಳ್ಳುವಲ್ಲಿ, ಗಾತ್ರಕ್ಕೆ ತಕ್ಕಂತೆ ವಿಂಗಡಣೆಯಾಗಿ ಕೂರುತ್ತದೆ. ಮರದ ಮಗ್ಗುಲಿನ ನಿಂತ ನೀರಿನಲ್ಲಿ ಮರಳು, ಅದರ ಮೇಲೆ ದರಗು. ಮೊದಲು ಒಂದೇ ಸಮನಾಗಿದ್ದ ತಳ ಹೀಗೆ ಹತ್ತು ಬಗೆಯಾಗುತ್ತದೆ. ಗುಂಡಿಯು ಬೇಸಿಗೆಯಲ್ಲಿ ಮೀನಿನ ಜೀವ ಉಳಿಸುವ ಜಾಗ. ಸಡಿಲವಾದ ಜಲ್ಲಿಯು, ನೀರಾಡುವ ಕಲ್ಲುಗಳ ನಡುವೆ ಮೊಟ್ಟೆಯಿಡುವ ದೇವರ ಮೀನಿನಂಥವಕ್ಕೆ ಬೇಕಾದದ್ದು. ದರಗಿನ ಚಾಪೆಯು ನೀರಹುಳುಗಳ ಊಟದ ಮನೆ, ಆ ಹುಳುಗಳೇ ನೀವು ಕಂಡ ಬೆರಳುದ್ದದ ಮೀನಿನ ಊಟ. ಮಳೆಗಾಲದಲ್ಲಿ ಎಲೆಯೆಲ್ಲ ಒಂದೇ ಸಮನೆ ಕೊಚ್ಚಿ ತುಂಗೆಗೆ ಹೋಗುವ ನಮ್ಮ ಹಳ್ಳಗಳಲ್ಲಿ ಅದನ್ನು ತಡೆದು ಹಿಡಿಯುವ ವಸ್ತುವೆಂದರೆ ಬಿದ್ದ ಮರ, ಬೇರು ಮತ್ತು ಬಂಡೆ, ಇಷ್ಟೇ. ಮಿಂಚುಳ್ಳಿ, ನೀರುಕಾಗೆ, ನೀರುನಾಯಿಗಳಿಂದ ಅಡಗಿಕೊಳ್ಳಲು ಮರೆಯೂ ಅಲ್ಲೇ ಸಿಗುತ್ತದೆ.

ಹೊರದೇಶದ ವಿಷಯ ಬಂದದ್ದರಿಂದ ಹೇಳುತ್ತೇನೆ, ಅದು ಅವರು ಕಲಿಸಿದ ಪಾಠಕ್ಕಿಂತ ಹೆಚ್ಚಾಗಿ ಅವರು ಕಲಿತ ಪಾಠ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬಿದ್ದ ಮರಗಳ ರಾಶಿಯು ಸಾಲ್ಮನ್ ಮೀನಿನ ದಾರಿಗೆ ಅಡ್ಡವೆಂದು ತಿಳಿದು ಸರ್ಕಾರವೇ ಹಣ ಕೊಟ್ಟು ದಶಕಗಟ್ಟಲೆ ಅವುಗಳನ್ನು ಹೊಳೆಯಿಂದ ತೆಗೆಸಿತು. ಗುಂಡಿಗಳು ಮುಚ್ಚಿ, ಜಲ್ಲಿ ಕೊಚ್ಚಿ, ಮರಿಗಳಿಗೆ ನೆಲೆ ತಪ್ಪಿದ ಮೇಲೆ, 1980ರ ದಶಕದ ಹೊತ್ತಿಗೆ ಅದೇ ಹೊಳೆಗಳಿಗೆ ಮರವನ್ನು ಮರಳಿ ಇಡಲು ಮತ್ತೆ ಹಣ ಸುರಿಯಬೇಕಾಯಿತು. ಆಸ್ಟ್ರೇಲಿಯಾದ ಮರ್ರೆ ನದಿಯಲ್ಲಿ 19ನೆಯ ಶತಮಾನದಿಂದ ಉಗಿದೋಣಿಗಳ ದಾರಿಗಾಗಿ ಮುಳುಗುಮರಗಳನ್ನು ಎತ್ತಿ ಹಾಕುತ್ತ ಬಂದರು. ಮರದ ಮರೆಯನ್ನು ಬಿಟ್ಟು ಬದುಕದ ಮರ್ರೆ ಕಾಡ್ ಎಂಬ ದೊಡ್ಡ ಮೀನು ವಿರಳವಾದ ಮೇಲೆ ಸಾವಿರಾರು ದಿಮ್ಮಿಗಳನ್ನು ಮತ್ತೆ ತಳಕ್ಕೆ ಇಳಿಸಿದರು. ಆದರೆ ಮರ್ರೆಯು ಸಮತಟ್ಟಿನಲ್ಲಿ ನಿಧಾನವಾಗಿ ಹರಿಯುವ ಹೊಳೆ. ಅಲ್ಲಿನ ಲೆಕ್ಕವನ್ನು ಘಟ್ಟದ ಹಳ್ಳಕ್ಕೆ ಹಾಗೆಯೇ ತಂದರೆ ಕಾಲುಸಂಕದವರು ಹೇಳಿದ ಅನಾಹುತವೇ ಆಗುವುದು.

ತೋಟದವರೇ, ನಿಮ್ಮ ಹಳ್ಳದ ಅಗಲವೆಷ್ಟು, ಮರದ ಉದ್ದವೆಷ್ಟು?

ಹಳ್ಳದಂಚಿನ ತೋಟ

ಮೇಷ್ಟ್ರೇ, ಹಗ್ಗ ಹಿಡಿದು ಅಳೆದೆ. ನೀರಿನ ಅಗಲ ನಾಲ್ಕು ಮೀಟರ್. ಬೇರಿನ ಮುದ್ದೆ ಸೇರಿ ಮರ ಸುಮಾರು 13 ಮೀಟರ್. ಅಷ್ಟು ಉದ್ದದ್ದು ಎಲ್ಲಿಗೂ ಹೋಗಲಾರದಲ್ಲವೇ?

ಮೀನು ಮೇಷ್ಟ್ರು

ಫೆಬ್ರವರಿಯ ನೀರನ್ನು ಅಳೆದಿದ್ದೀರಿ. ಮರವನ್ನು ಹೊತ್ತೊಯ್ಯುವುದು ಆಗಸ್ಟಿನ ನೀರು. ದಡದ ಲಕ್ಕಿ ಪೊದೆಗಳ ಕೊಂಬೆಗಳಲ್ಲಿ ಕಳೆದ ಮಳೆಯ ಕಸ, ಪ್ಲಾಸ್ಟಿಕ್ ಚೀಲ, ಒಣಗಿದ ದರಗು ಎಲ್ಲಿಯವರೆಗೆ ಸಿಕ್ಕಿಕೊಂಡಿದೆ ನೋಡಿ. ಒಂದು ದಡದ ಆ ಗುರುತಿನಿಂದ ಇನ್ನೊಂದು ದಡದ ಗುರುತಿನವರೆಗೆ ಹಗ್ಗ ಹಿಡಿದು ಅಳೆಯಿರಿ.

ಹಿನ್ನೀರಿನವ (ಸಾಗರ)

ನಾನು ಓದಿದವನಲ್ಲ, ಗಾಳ ಹಾಕಿ ಬೆಳೆದವನು; ಆದರೂ ಕಣ್ಣಾರೆ ಕಂಡದ್ದೊಂದನ್ನು ಬರೆಯುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ಕಣಿವೆಯ ಕಾಡು ನಿಂತಲ್ಲೇ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹೊನ್ನೇಮರಡುವಿನ ಕಡೆ ಇಂದಿಗೂ ಆ ಮರಗಳ ಬೊಡ್ಡೆಗಳು ಸಾಲುಸಾಲಾಗಿ ನಿಂತಿರುವುದು ಕಾಣುತ್ತದೆ. ಬಲೆ ಹಾಕುವವರಿಗೆ ಅವು ಶತ್ರು, ಏಕೆಂದರೆ ಬಲೆ ಹರಿಯುತ್ತದೆ. ಗಾಳದವರಿಗೆ ಅವು ನೆಂಟರು. ನಮ್ಮ ಅಪ್ಪ ತೆಪ್ಪವನ್ನು ಬೊಡ್ಡೆಗೆ ಕಟ್ಟಿ, ಅದರ ನೆರಳಿನ ಮಗ್ಗುಲಿಗೆ ಗಾಳ ಇಳಿಬಿಡುತ್ತಿದ್ದರು. ಬಯಲು ನೀರಿನಲ್ಲಿ ಕೂತು ಕಾಲ ಕಳೆಯುವವನನ್ನು ಕಂಡರೆ ಅವರಿಗೆ ನಗು.

ಇನ್ನೊಂದು ಮಾತು. ಸದಾ ನೀರಿನೊಳಗಿರುವ ಮರಕ್ಕೆ ಬೇಗ ಲಡ್ಡು ಹಿಡಿಯುವುದಿಲ್ಲ, ಅಂದರೆ ಬೇಗ ಕೊಳೆಯುವುದಿಲ್ಲ, ಏಕೆಂದರೆ ಮರ ತಿನ್ನುವ ಅಣಬೆಗೆ ಗಾಳಿ ಬೇಕು. ಕೊಳೆಯುವುದು ಒಮ್ಮೆ ನೆನೆದು ಒಮ್ಮೆ ಒಣಗುವ ಭಾಗ, ಅಂದರೆ ನೀರಿನ ಗೆರೆಯ ಹತ್ತಿರದ ಗೇಣಗಲ. ನಿಮ್ಮ ಮತ್ತಿಯೂ ಹಾಗೆಯೇ ಆಗುತ್ತದೆ: ಗುಂಡಿಯೊಳಗಿನ ಭಾಗ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರಬಹುದು, ಮೇಲೆ ಚಾಚಿದ ಕೊಂಬೆ ಮೊದಲು ಮುರಿಯುತ್ತದೆ. ಮತ್ತಿಯ ಜಾಗದಲ್ಲಿ ಬೂರುಗವೋ ಹಾಲುವಾಣವೋ ಬಿದ್ದಿದ್ದರೆ ಇಷ್ಟು ಚರ್ಚೆಯೇ ಬೇಕಿರಲಿಲ್ಲ. ಬೆಂಡಿನಂತೆ ತೇಲಿ ಮೊದಲ ನೆರೆಗೇ ಹೊರಟುಹೋಗುತ್ತಿತ್ತು. ಹಸಿ ಮತ್ತಿ ಕಲ್ಲಿನ ಹಾಗೆ ಭಾರ, ನೆನೆದರಂತೂ ಹೇಳುವುದೇ ಬೇಡ.

ನಿವೃತ್ತ ವನಪಾಲಕ (ಭದ್ರಾವತಿ)

ಕಾನೂನಿನ ಕಡೆಯಿಂದ ಎರಡು ಮಾತು, ಏಕೆಂದರೆ ಆ ಸೌದೆ ವ್ಯಾಪಾರಿಯ ಧಾರಾಳತನ ನನಗೆ ಹಿಡಿಸಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ತೇಲಿಬಂದ, ದಡಕ್ಕೆ ಬಡಿದ, ನೀರಿನಲ್ಲಿ ಮುಳುಗಿದ ನಾಟಾ ಯಾರಾದರೂ ತಮ್ಮದೆಂದು ರುಜುವಾತು ಮಾಡುವವರೆಗೆ ಸರ್ಕಾರದ್ದು. ಮರದ ಬುಡ ನಿಮ್ಮ ಖಾತೆಯ ಜಮೀನಿನದಾಗಿದ್ದರೆ ಅದು ಬೇರೆ ಮಾತು, ಆಗಲೂ ಕಡಿದು ಸಾಗಿಸಲು ಅಪ್ಪಣೆಪತ್ರ ಬೇಕು. ವ್ಯಾಪಾರಿ ರಾತ್ರೋರಾತ್ರಿ ಕೊಯ್ದು ಲಾರಿಗೆ ಹೇರಿದರೆ ಕೇಸು ಬೀಳುವುದು ಅವನ ಮೇಲಷ್ಟೇ ಅಲ್ಲ. ಏನು ಮಾಡುವುದಿದ್ದರೂ ಮೊದಲು ವಲಯ ಅರಣ್ಯಾಧಿಕಾರಿಗಳಿಗೆ ಒಂದು ಬರಹದ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ.

ಇದನ್ನು ಓದುವ ಉತ್ಸಾಹಿಗಳಿಗೂ ಹೇಳಬೇಕು. ಮೀನಿಗೆ ಒಳ್ಳೆಯದೆಂದು ನಿಂತ ಮರವನ್ನು ಕಡಿದು ಹಳ್ಳಕ್ಕೆ ಉರುಳಿಸಬೇಡಿ. ಹೊಳೆಮತ್ತಿ, ನೀರುನೇರಳೆ, ಹೊಂಗೆಗಳು ದಡದಲ್ಲಿ ನಿಂತೇ ನೀರಿಗೆ ನೆರಳು ಕೊಡುತ್ತವೆ, ದಡವನ್ನು ಬೇರಿನಿಂದ ಹಿಡಿಯುತ್ತವೆ, ವಯಸ್ಸಾದಾಗ ತಾವೇ ಬೀಳುತ್ತವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳ್ಳದ ಎರಡೂ ಬದಿ ಕತ್ತಲೆಗಟ್ಟಿದಂತಿದ್ದ ಎಷ್ಟೋ ಕಡೆ ಈಗ ತೋಟ ನೀರಿನ ಅಂಚಿಗೇ ಬಂದು ನಿಂತಿದೆ. ಅಲ್ಲಿ ಇನ್ನು ಬೀಳುವುದಕ್ಕೆ ಮರವೇ ಇಲ್ಲ.

ಹಳ್ಳದಂಚಿನ ತೋಟ

ಮೇಷ್ಟ್ರು ಹೇಳಿದ ಹಾಗೆ ಕಸದ ಗುರುತು ಹಿಡಿದು ಅಳೆದೆ. ಒಂಬತ್ತು ಮೀಟರ್! ನಮ್ಮ ದಡದ ಕೊನೆಯ ಸಾಲಿನ ಅಡಿಕೆ ಮರಗಳ ಬುಡದಲ್ಲೇ ಗುರುತಿದೆ. ಇಷ್ಟು ವರ್ಷ ಅಲ್ಲೇ ಓಡಾಡಿದರೂ ಗಮನಿಸಿರಲಿಲ್ಲ. ನಾಚಿಕೆಯಾಯಿತು.

ಮೀನು ಮೇಷ್ಟ್ರು

ನಾಚಿಕೆ ಬೇಡ, ಎಲ್ಲರೂ ಹಾಗೆಯೇ ಅಳೆಯುತ್ತಾರೆ. ಈಗ ಲೆಕ್ಕ ನೋಡಿ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹೊಳೆಗೆ ಮರ ಇಡುವವರು ಅನುಸರಿಸುವ ಒಂದು ಅಂದಾಜು ಸೂತ್ರವಿದೆ: ಬೇರಿಲ್ಲದ ದಿಮ್ಮಿಯಾದರೆ ತುಂಬುಹೊಳೆಯ ಅಗಲದ ಎರಡು ಪಟ್ಟು, ಬೇರಿನ ಮುದ್ದೆ ಇದ್ದರೆ ಒಂದೂವರೆ ಪಟ್ಟು ಉದ್ದವಿರಬೇಕು, ಆಗ ಮಾತ್ರ ಕಟ್ಟದೆಯೇ ನಿಲ್ಲುವ ಭರವಸೆ. ನಾಲ್ಕು ಮೀಟರಿನ ಲೆಕ್ಕದಲ್ಲಿ ನಿಮಗೆ ಆರು ಮೀಟರ್ ಸಾಕಿತ್ತು, 13 ಇತ್ತು, ನೀವು ನಿಶ್ಚಿಂತರಾಗಿದ್ದಿರಿ. ಒಂಬತ್ತು ಮೀಟರಿನ ಲೆಕ್ಕದಲ್ಲಿ ಹದಿಮೂರೂವರೆ ಬೇಕು. ಅಂದರೆ ನಿಮ್ಮ ಮರ ಗಡಿಯಿಂದ ಸ್ವಲ್ಪ ಈಚೆಗಿದೆ. ಸೂತ್ರವೂ ನಮ್ಮ ಮಳೆಗಾಗಿ ಮಾಡಿದ್ದಲ್ಲ. ಆದ್ದರಿಂದ ಹೀಗೆಯೇ ಬಿಟ್ಟರೂ ಸರಿಯಾದೀತೆಂದು ನಾನು ಹೇಳಲಾರೆ.

ನಿಮ್ಮ ಅದೃಷ್ಟಕ್ಕೆ ಬೇರು ಮೇಲ್ಗಡೆಗೂ ತುದಿ ಕೆಳಗಡೆಗೂ ಇದೆ; ನೀರು ಬೇರಿನ ಮುದ್ದೆಯನ್ನು ದಡಕ್ಕೆ ಒತ್ತುತ್ತದೆಯೇ ಹೊರತು ಎತ್ತುವುದಿಲ್ಲ. ಅಪಾಯವಿರುವುದು ಚಾಚಿದ ಕೊಂಬೆಗಳಲ್ಲಿ. ನೆರೆ ಬಂದಾಗ ಕಸವನ್ನು ಹಿಡಿಯುವುದೂ ಅವೇ, ನೀರಿನ ತಳ್ಳುವಿಕೆಗೆ ಎದೆಯೊಡ್ಡುವುದೂ ಅವೇ, ಹರಿವನ್ನು ಆಚೆ ದಡಕ್ಕೆ ತಿರುಗಿಸಿ ನಿಮ್ಮ ನೆರೆಯವರ ತೋಟವನ್ನು ಕೊರೆಯುವುದೂ ಅವೇ. ಆದ್ದರಿಂದ ಬೇಸಿಗೆಯ ನೀರಿಗಿಂತ ಮೇಲಿರುವ ಕೊಂಬೆಗಳನ್ನೆಲ್ಲ ಅಪ್ಪಣೆ ಪಡೆದು ಸವರಿಸಿ; ನೀರಿನೊಳಗಿನ ಕವಲುಗಳನ್ನು ಬಿಡಿ. ಆಚೆ ದಡದ ಕಡೆ ಕನಿಷ್ಠ ಮೂರನೆಯ ಒಂದು ಭಾಗ ನೀರಿಗೆ ತೆರವಾಗಿರಲಿ. ಕಾಂಡವನ್ನು ದಡದ ಎರಡು ಜೀವಂತ ಮರಗಳ ನಡುವೆ ಸಿಕ್ಕಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಕಟ್ಟು ಬೇರಿಲ್ಲ. ಕಬ್ಬಿಣದ ಹಗ್ಗ ಬಿಗಿಯುವ ಯೋಚನೆ ಬೇಡ. ಅದು ನಿಂತ ಮರದ ತೊಗಟೆಯನ್ನು ಕತ್ತರಿಸುತ್ತದೆ, ತುಂಡಾದರೆ ದಿಮ್ಮಿಯ ಜೊತೆಗೆ ಹಗ್ಗವೂ ಹೋಗಿ ಕೆಳಗೆ ಇನ್ನೆಲ್ಲೋ ತೊಡರುತ್ತದೆ.

ಎಲೆಯ ಬಗ್ಗೆಯೂ ಒಂದು ಎಚ್ಚರ. ಹರಿವು ನಿಂತು ಗುಂಡಿಯಷ್ಟೇ ಉಳಿಯುವ ಹಳ್ಳವಾದರೆ, ಹಸಿರೆಲೆಯ ರಾಶಿ ಕೊಳೆತು ನೀರಿನ ಆಮ್ಲಜನಕವನ್ನು ಹೀರಿ ಮೀನನ್ನೇ ಕೊಂದೀತು. ಸವರಿದ ಸೊಪ್ಪನ್ನು ನೀರಿಗೆ ಬಿಡದೆ ತೋಟದ ಗೊಬ್ಬರಕ್ಕೆ ಒಯ್ಯಿರಿ.

ಕಾನುಗದ್ದೆ (ಕೊಪ್ಪ)

ಇಲ್ಲಿಯವರೆಗೆ ಎಲ್ಲರೂ ಮರದ ಬಗ್ಗೆ ಹೇಳಿದಿರಿ, ಮನುಷ್ಯರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹುಟ್ಟಿದ ಮನೆಯ ಹಿಂದಿನ ಹಳ್ಳಕ್ಕೆ ಮೃಗಶಿರಾ ಮಳೆಯ ಮೊದಲ ಕೆಂಪುನೀರು ಬಂದ ರಾತ್ರಿಯೇ ಹತ್ತುಮೀನು (ಹೊಸನೀರಿಗೆ ಹತ್ತಿ ಬರುವ ಮೀನು) ಏರುತ್ತಿದ್ದವು. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಅಂಚಿನ ಕಾಲುವೆಗೆ, ಮೊಟ್ಟೆಯ ಹೊಟ್ಟೆ ಹೊತ್ತುಕೊಂಡು ಬರುತ್ತಿದ್ದವು. ಊರಿನ ಗಂಡಸರೆಲ್ಲ ಬ್ಯಾಟರಿ, ಕತ್ತಿ, ಕೂಣಿ ಹಿಡಿದು ಸಾಲಾಗಿ ಹೋಗುತ್ತಿದ್ದರು. ಆಗ ನಾವೂ ತಿಂದಿದ್ದೇವೆ. ಮೊಟ್ಟೆಯಿಡಲು ಬಂದ ಮೀನನ್ನು ಹಿಡಿದರೆ ಮುಂದಿನ ವರ್ಷದ ಮೀನನ್ನೇ ಹಿಡಿದಂತೆಂದು ಆಗ ಯಾರಿಗೂ ತೋಚಿರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಇಡೀ ಹಳ್ಳದಲ್ಲಿ ಒಂದೇ ಕಡೆ ಮರೆ ಇದ್ದು, ಇದ್ದಬದ್ದ ಮೀನೆಲ್ಲ ಅಲ್ಲೇ ಸೇರಿದರೆ, ತೋಟೆ (ಸಿಡಿಮದ್ದು) ಹಾಕುವವನಿಗೂ ಬ್ಲೀಚಿಂಗ್ ಪುಡಿ ಸುರಿಯುವವನಿಗೂ ಹುಡುಕುವ ಶ್ರಮವೇ ತಪ್ಪುತ್ತದಲ್ಲವೇ? ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಟೊಂಗೆಗಳನ್ನು ನೀರಿಗೆ ಚುಚ್ಚಿ ಮೀನು ಸೇರಿಸಿ, ಆಮೇಲೆ ಸುತ್ತ ಬಲೆ ಕಟ್ಟಿ ಮರಿಮೀನು ಸಮೇತ ಬಾಚುವ ಪದ್ಧತಿಯೇ ಇದೆ. ಅಲ್ಲಿ ಟೊಂಗೆ ಇರುವುದು ಮೀನನ್ನು ಸಾಕುವುದಕ್ಕಲ್ಲ, ಬಾಚುವುದಕ್ಕೆ. ಬ್ರಿಟಿಷರ ಕಾಲದ 1897ರ ಕಾಯ್ದೆಯಿಂದ ಹಿಡಿದು ನಮ್ಮ ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯವರೆಗೆ ತೋಟೆಗೂ ವಿಷಕ್ಕೂ ನಿಷೇಧವಿದೆ. ಆದರೆ ರಾತ್ರಿ ಹನ್ನೊಂದಕ್ಕೆ ನಿಮ್ಮ ಹಳ್ಳದಲ್ಲಿ ಆ ಕಾಯ್ದೆ ಕಾವಲು ಕೂರುವುದಿಲ್ಲ.

ಶೃಂಗೇರಿಯ ಹೊಳೆಯ ಮೆಟ್ಟಿಲಲ್ಲಿ, ತೀರ್ಥಹಳ್ಳಿಯ ಚಿಬ್ಬಲಗುಡ್ಡೆಯಲ್ಲಿ ಮೊಣಕೈಯುದ್ದದ ಮೀನು ಜನರ ಕೈಯಿಂದ ಮಂಡಕ್ಕಿ ತಿನ್ನುತ್ತಿರುವುದು ದೇವರ ಭಯದಿಂದ. ನಿಮ್ಮ ಮತ್ತಿಮರಕ್ಕೆ ಯಾವ ದೇವರ ಕಾವಲಿದೆ? ಮೊದಲು ಕೇರಿಯವರನ್ನೆಲ್ಲ ಕೂರಿಸಿಕೊಂಡು, ಮರದ ಮೇಲೂ ಕೆಳಗೂ ಇಷ್ಟು ಮಾರು ಯಾರೂ ಮೀನು ಹಿಡಿಯಬಾರದೆಂದು ಒಪ್ಪಿಸಿರಿ. ಜೊತೆಗೆ ಕೊಳೆರೋಗಕ್ಕೆ ಔಷಧಿ ಹೊಡೆದ ಮೇಲೆ ಡ್ರಮ್ಮು, ಪೈಪು, ದೋಟಿಗಳನ್ನು ಹಳ್ಳದಲ್ಲಿ ತೊಳೆಯಬೇಡಿ. ಆ ಔಷಧಿಯ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ಒಂದು ಕೈಯಲ್ಲಿ ಮರೆ ಕೊಟ್ಟು ಇನ್ನೊಂದು ಕೈಯಲ್ಲಿ ತುತ್ತ ಸುರಿದಂತಾಗಬಾರದು.

ಹಿನ್ನೀರಿನವ

ಕೊಪ್ಪದ ಅಕ್ಕ ಹೇಳಿದ್ದು ನಿಜ. ಬೊಡ್ಡೆಗಳು ಗಾಳದವರಿಗೆ ನೆಂಟರೆಂದು ಬರೆದ ನಾನೇ ಈಗ ತಲೆ ತಗ್ಗಿಸಬೇಕು.

ಕಾಲುಸಂಕ

ಕೊಂಬೆ ಸವರಿಸಿ, ಮೂರನೆಯ ಒಂದು ಭಾಗ ತೆರವು ಬಿಟ್ಟರೆ ನನ್ನ ಅರ್ಧ ತಕರಾರು ಹೋಗುತ್ತದೆ. ಉಳಿದರ್ಧಕ್ಕೆ ಒಂದು ಪ್ರಶ್ನೆ: ಈ ಮರದಿಂದ ಕೆಳಗೆ ಮೊದಲ ಸಂಕ, ಮೋರಿ ಅಥವಾ ಕಿಂಡಿ ಅಣೆಕಟ್ಟು ಎಷ್ಟು ದೂರದಲ್ಲಿದೆ? ಮರ ಕಿತ್ತು ಹೋದರೆ ಮೊದಲು ಬಡಿಯುವುದು ಅಲ್ಲಿಗೆ. ಹತ್ತಿರದಲ್ಲೇ ಇದ್ದರೆ, ಮೀನಿಗೆಷ್ಟೇ ಒಳ್ಳೆಯದಿರಲಿ, ಆ ಜಾಗದಲ್ಲಿ ಬೇಡ. ಮೇಲಿನ ಕಾಡಿನಂಚಿನ ಸಣ್ಣ ಸರದಲ್ಲಿ (ಕಾಡುತೊರೆಯಲ್ಲಿ), ಕೆಳಗೆ ಯಾರ ಮನೆಯೂ ಸಂಕವೂ ಇಲ್ಲದಲ್ಲಿ ಬಿದ್ದವನ್ನು ಹಾಗೆಯೇ ಬಿಡಿ ಎಂದರೆ ನಾನೂ ಕೈಯೆತ್ತುತ್ತೇನೆ.

ಮೀನು ಮೇಷ್ಟ್ರು

ಇದು ನಾನು ಕೇಳಬೇಕಾಗಿದ್ದ ಪ್ರಶ್ನೆ. ನಮ್ಮ ಸೀಮೆಯಲ್ಲಿ ಮರವನ್ನು ತಂದು ಇಡುವ ಕೆಲಸಕ್ಕಿಂತ, ಬಿದ್ದಲ್ಲಿ ತೆಗೆಯದೆ ಬಿಡುವ ಕೆಲಸ ಮೊದಲು ಆಗಬೇಕು, ಅದೂ ಸಣ್ಣ ಹಳ್ಳಗಳಲ್ಲಿ. ತುಂಗೆಯಂಥ ಅಗಲದ ಹೊಳೆಯಲ್ಲಿ ಯಾವ ಮರವೂ ದಡದಿಂದ ದಡಕ್ಕೆ ನಿಲುಕುವುದಿಲ್ಲ. ಅಲ್ಲಿ ಮಡುವೂ ಬಂಡೆಯೂ ಆ ಕೆಲಸ ಮಾಡುತ್ತವೆ, ಮರಳು ಮತ್ತು ಜಲ್ಲಿಯನ್ನು ಬಾಚದೆ ಬಿಟ್ಟರೆ ಸಾಕು.

ಹಳ್ಳದಂಚಿನ ತೋಟ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಳಗಿನ ಮೊದಲ ಸಂಕ ನಮ್ಮ ಮರದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ನಡುವೆ ಎರಡು ಕಡೆ ಹಳ್ಳವು ಬಂಡೆಗಳ ಸಂದಿಯಲ್ಲಿ ಕಿರಿದಾಗಿ ತಿರುಗುತ್ತದೆ. ಕಿತ್ತು ಹೋದರೂ ಅಲ್ಲೇ ಸಿಕ್ಕಿಕೊಳ್ಳಬಹುದೆಂದು ಊರಿನ ಹಿರಿಯರ ಅಂದಾಜು. ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು, ಅವರು ಬಂದು ನೋಡಿ, ಮೇಲಿನ ಕೊಂಬೆಗಳನ್ನು ಸವರಲು ಒಪ್ಪಿದರು. ಕಾಂಡವನ್ನು ಮುಟ್ಟಬಾರದೆಂದು ಬರೆದುಕೊಟ್ಟದ್ದರಿಂದ ಸೌದೆ ವ್ಯಾಪಾರಿ ತಾನಾಗಿಯೇ ಹಿಂದೆ ಸರಿದ.

ನಿನ್ನೆ ಆರು ಜನ ಸೇರಿ ಕೆಲಸ ಮುಗಿಸಿದೆವು. ದಡದಲ್ಲಿ ಸರಿಯಾಗಿ ಎರಡು ನೀರುನೇರಳೆ ಮರಗಳಿದ್ದವು. ಸನಿಕೆಯಿಂದ ಮೀಟಿ, ಹಗ್ಗ ಎಳೆದು, ಕಾಂಡದ ಬುಡಭಾಗವನ್ನು ಅವುಗಳ ನಡುವೆ ಒಂದು ಮೊಳದಷ್ಟು ಒಳಕ್ಕೆ ತಂದು ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಪಕ್ಕದ ತೋಟದವರು ದಡದಲ್ಲಿ ನಿಂತು ಒಂದೂ ಮಾತಾಡದೆ ನೋಡಿದರು. ಕೊನೆಗೆ, ಆಶ್ಲೇಷ ಮಳೆ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದರು. ಕೇರಿಯ ಹುಡುಗರು ಮರದಿಂದ ಮೇಲಕ್ಕೂ ಕೆಳಕ್ಕೂ 20 ಮಾರು ಮೀನು ಹಿಡಿಯುವುದಿಲ್ಲವೆಂದು ಒಪ್ಪಿದ್ದಾರೆ. ಹತ್ತುಮೀನಿನ ರಾತ್ರಿ ಆ ಮಾತು ಎಷ್ಟು ನಿಲ್ಲುತ್ತದೋ ನೋಡಬೇಕು, ನಾನಂತೂ ಆ ರಾತ್ರಿ ಬ್ಯಾಟರಿ ಹಿಡಿದು ದಡದಲ್ಲಿ ಕೂರುವವನಿದ್ದೇನೆ.

ಕಾಂಡದ ಮೇಲೆ ಕತ್ತಿಯಿಂದ ಒಂದು ಕಚ್ಚು ಹಾಕಿ, ಅದಕ್ಕೆ ನೇರವಾಗಿ ದಡದ ಬಂಡೆಗೆ ಬಿಳಿ ಬಣ್ಣದ ಗೆರೆ ಬಳಿದಿದ್ದೇನೆ. ಗುಂಡಿಯ ಆಳವನ್ನು ಬಿದಿರಿನ ಗಳುವಿನಿಂದ ಅಳೆದು, ಗಳುವಿಗೂ ಗುರುತು ಮಾಡಿ ಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಮಳೆಗಾಲ ಕಳೆದ ಮೇಲೆ ಕಚ್ಚು, ಗೆರೆ, ಗಳು ಮೂರನ್ನೂ ನೋಡಿ ಇಲ್ಲಿಯೇ ಬರೆಯುತ್ತೇನೆ.